ಅಜ್ಜನ ಹೆಸರು ತೊಟ್ಟಿಲಿಗೆ

ನಮ್ಮ ಬಾದಾಮಿ ಸೀಮೆಯಲ್ಲಿ ಅಜ್ಜ ತೀರಿಕೊಂಡ ಮನೆಯ ದುಃಖ ದಿನಕರ್ಮಕ್ಕೆ ಮುಗಿಯುವುದಿಲ್ಲ. ಆ ಮನೆಯಲ್ಲಿ ಗಂಡುಮಗು ಹುಟ್ಟಬೇಕು, ಅದಕ್ಕೆ ಅಜ್ಜನ ಹೆಸರಿಡಬೇಕು. ಅಲ್ಲಿಯತನಕ "ಹಿರ್ಯಾರ ಹೆಸರು ಇಡೂದು ಬಾಕಿ ಐತಿ" ಎಂಬ ಮಾತು ಅಡುಗೆಮನೆಯಿಂದ ಹೊಲದವರೆಗೆ ಕೇಳುತ್ತಲೇ ಇರುತ್ತದೆ. ಅಜ್ಜಿ ಹೋದರೆ ಮೊಮ್ಮಗಳಿಗೆ ಅಜ್ಜಿಯ ಹೆಸರು.

ಇದು ಎಷ್ಟು ಹಳೆಯದೆಂದು ತಿಳಿಯಲು ನಾವು ದೂರ ಹೋಗಬೇಕಿಲ್ಲ. ಬಾದಾಮಿಯ ಬಂಡೆಯ ಮೇಲೆ ಕ್ರಿ.ಶ. 543ರ ಶಾಸನವಿದೆ, ವಾತಾಪಿಯ ಬೆಟ್ಟಕ್ಕೆ ಕೋಟೆ ಕಟ್ಟಿಸಿದ ಒಂದನೆಯ ಪುಲಕೇಶಿಯ ಕಾಲದ್ದು. ಅವನ ಮಗ ಕೀರ್ತಿವರ್ಮ. ಕೀರ್ತಿವರ್ಮನ ಮಗ ಮತ್ತೆ ಪುಲಕೇಶಿ. ಈ ಇಮ್ಮಡಿ ಪುಲಕೇಶಿಗೆ ಮೊದಲು ಎರೆಯ ಎಂಬ ಹೆಸರಿತ್ತು, ಪಟ್ಟವೇರುವಾಗ ಅಜ್ಜನ ಹೆಸರು ತೆಗೆದುಕೊಂಡ ಎಂದು ವಿದ್ವಾಂಸರು ಹೇಳುತ್ತಾರೆ. ಚಿಕ್ಕಪ್ಪ ಮಂಗಳೇಶನ ಮೇಲೆ ಯುದ್ಧ ಮಾಡಿ ಪಟ್ಟ ಪಡೆದವನಿಗೆ ಅಜ್ಜನ ಹೆಸರು ಹಕ್ಕಿನ ಸಾಕ್ಷಿಯಾಗಿ ಬೇಕಾಗಿತ್ತು ಎಂದು ವಾದಿಸಬಹುದು. ಇರಲಿ. ಆದರೆ ಆ ಹೆಸರು ಸಾಕ್ಷಿಯಾಗಿ ನಿಲ್ಲಬೇಕಾದರೆ, ಮೊಮ್ಮಗನಲ್ಲಿ ಅಜ್ಜನನ್ನು ಕಾಣುವ ರೂಢಿ ಜನರಲ್ಲಿ ಮೊದಲೇ ಇದ್ದಿರಬೇಕು ಎಂಬುದು ನನ್ನ ನಂಬಿಕೆ.

ಮುಂದೆಯೂ ಹೀಗೆಯೇ ನಡೆದಿದೆ. ಕಲ್ಯಾಣದ ಚಾಲುಕ್ಯರಲ್ಲಿ ಒಂದನೆಯ ಸೋಮೇಶ್ವರನ ಮಗ ಆರನೆಯ ವಿಕ್ರಮಾದಿತ್ಯ. ಅವನ ಮಗ, 'ಮಾನಸೋಲ್ಲಾಸ' ಬರೆದ ಮೂರನೆಯ ಸೋಮೇಶ್ವರ. ಹೊಯ್ಸಳರಲ್ಲಿ ನರಸಿಂಹನ ಮಗ ವೀರಬಲ್ಲಾಳ, ಬಲ್ಲಾಳನ ಮಗ ಮತ್ತೆ ನರಸಿಂಹ. ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು 1868ರಲ್ಲಿ ತೀರಿಕೊಂಡರು. ಅವರ ದತ್ತುಪುತ್ರ ಚಾಮರಾಜೇಂದ್ರ ಒಡೆಯರಿಗೆ 1884ರಲ್ಲಿ ಹುಟ್ಟಿದ ಮಗ ನಾಲ್ವಡಿ ಕೃಷ್ಣರಾಜರಾದರು. ಅರಸರ ಪಟ್ಟಿಯಲ್ಲಿ ಅಜ್ಜಿಯರ ಹೆಸರು ಹೀಗೆ ಹಿಂತಿರುಗಿದ್ದು ಕಾಣುವುದಿಲ್ಲ. ಅದು ಉಳಿದದ್ದು ರೈತರ ಮನೆಯ ತೊಟ್ಟಿಲಲ್ಲಿ.

ನಮ್ಮಜ್ಜ ಹೋದಾಗ ನಾನು ಕನ್ನಡಶಾಲೆಗೆ ಹೋಗುತ್ತಿದ್ದೆ. ಮಾರನೆಯ ವರ್ಷ ತಮ್ಮ ಹುಟ್ಟಿದ. ತೊಟ್ಟಿಲಿಗೆ ಹಾಕುವ ದಿನ ಮೊದಲು ಗುಂಡಕಲ್ಲಿಗೆ ಕುಂಚಿಗೆ ತೊಡಿಸಿ ಮಲಗಿಸಿ ತೂಗಿದರು, ಆಮೇಲೆ ಮಗುವನ್ನು ಹಾಕಿದರು. ಹೆಸರಿಡುವ ಹಕ್ಕು ಸೋದರತ್ತೆಯದು. ಅತ್ತೆ ತೊಟ್ಟಿಲ ಮೇಲೆ ಬಾಗಿ ಮಗುವಿನ ಕಿವಿಯಲ್ಲಿ ಹೆಸರು ಹೇಳಿ 'ಕುರ್ರ್' ಅಂದಳು. ಸುತ್ತ ನಿಂತ ಹೆಂಗಸರು ಅವಳ ಬೆನ್ನ ಮೇಲೆ ಗುದ್ದಿದರು. ಎಲ್ಲರೂ ನಕ್ಕರು, ಕಡ್ಲಿಗುಗ್ಗರಿ ಹಂಚಿದರು. ಅತ್ತೆ ಮಾತ್ರ ಬಾಗಿದವಳು ಬಹಳ ಹೊತ್ತು ಏಳಲಿಲ್ಲ. ಅವಳು ಆ ಕಿವಿಯಲ್ಲಿ ಹೇಳಿದ್ದು ತನ್ನ ತಂದೆಯ ಹೆಸರು. ತಂದೆಯನ್ನು ಕಳೆದುಕೊಂಡ ಮಗಳ ಬಾಯಿಂದಲೇ ಆ ಹೆಸರು ಮತ್ತೆ ಮನೆಯೊಳಗೆ ಬರಬೇಕು ಎಂದು ಕಟ್ಟು ಮಾಡಿದ ಹಿರಿಯರು ದುಃಖವನ್ನು ಬಲ್ಲವರು.

ಅಜ್ಜಿ ಗಂಡನ ಹೆಸರು ಹೇಳುವಂತಿಲ್ಲ, ಅವ್ವ ಮಾವನ ಹೆಸರು ಹೇಳುವಂತಿಲ್ಲ. ಹಾಗಾಗಿ ಅವ್ವನಿಗೆ ತಮ್ಮ 'ಅಪ್ಪಿ'ಯಾದ. ಅಜ್ಜಿ ಮಾತ್ರ ಯಾವ ಹೆಸರೂ ಹಿಡಿಯದೆ, ಅಂಬೆಗಾಲಿಡುವ ಕೂಸಿಗೆ "ಬರ್ರಿ, ಉಣ್ಣಾಕ ಬರ್ರಿ" ಎಂದು ಬಹುವಚನದಲ್ಲೇ ಕರೆಯುತ್ತಿದ್ದಳು. ಅವನಿಗೆ ಯಾರಾದರೂ ಕೈ ಎತ್ತಿದರೆ "ಯಾರ ಹೆಸರೈತಿ ನೆನಪಿರ್ಲಿ" ಅನ್ನುವಳು. ರೊಟ್ಟಿ ಬಡಿಯುವಾಗ ಅವನನ್ನು ಪಕ್ಕದಲ್ಲಿ ಕೂಡಿಸಿಕೊಂಡು ಹೊಲದ ಸುದ್ದಿ, ಬೀಜದ ಸುದ್ದಿ, ಸಾಲದ ಸುದ್ದಿ ಎಲ್ಲ ಹೇಳುತ್ತಿದ್ದಳು. ವರ್ಷವಿಡೀ ಮಾತು ಬಿಟ್ಟಿದ್ದ ಅಜ್ಜಿ ಹೀಗೆ ಮಾತಿಗೆ ತಿರುಗಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಸತ್ತವರು ತಿರುಗಿ ಹುಟ್ಟುತ್ತಾರೋ ಇಲ್ಲವೋ, ಬದುಕಿದವರಿಗೆ ಮಾತಾಡಲು ಒಬ್ಬರು ಸಿಗುತ್ತಾರೆ.

ಈಗ ನಮ್ಮೂರ ಅಂಗನವಾಡಿಯ ಪಟ್ಟಿಯಲ್ಲಿ ಬಸಪ್ಪ, ಮಲ್ಲಪ್ಪ, ನಿಂಗವ್ವ ಹುಡುಕಿದರೂ ಸಿಗುವುದು ಕಷ್ಟ. ಹೊಸ ಹೆಸರುಗಳ ಮೇಲೆ ನನಗೆ ಸಿಟ್ಟಿಲ್ಲ. ಹೆತ್ತವರ ಆಸೆ ಅವರದು. ಆದರೆ ಅಜ್ಜನ ಹೆಸರನ್ನು ತಿಥಿಯ ದಿನ ಫೋಟೋದ ಮುಂದೆ ಮಾತ್ರ ಹೇಳುವಂತಾದರೆ ಮನೆಗೆ ನಷ್ಟವೇ. ಕರೆಯಲು ಹೊಸ ಹೆಸರಿರಲಿ, ಅದರ ಜೊತೆಗೆ ಹಿರಿಯರದೂ ಇರಲಿ. ಹೆಸರು ಬರೆಸದೆ ಜನನ ನೋಂದಾಯಿಸಿದ್ದರೆ ಹನ್ನೆರಡು ತಿಂಗಳವರೆಗೆ ಶುಲ್ಕವಿಲ್ಲದೆ, ಆಮೇಲೆ 15 ವರ್ಷದವರೆಗೆ ವಿಳಂಬ ಶುಲ್ಕ ಕಟ್ಟಿ ಹೆಸರು ಸೇರಿಸಲು ಕಾಯ್ದೆಯಲ್ಲಿ ಅವಕಾಶವಿದೆ. ಬರೆಸುವ ಮೊದಲು ಮಗುವಿನ ಸೋದರತ್ತೆಯನ್ನು ಒಂದು ಮಾತು ಕೇಳಿ.