ಒಟ್ಟೆ ಇಲ್ಲದ್ದ ಹೊಲಿಗೆ

ಬಚ್ಚಲಿನ ಟೈಲ್ಸಿಂಗೆ ಮೊಳೆ ಹೊಡವಲೆ ನವಗೆ ಹೆದರಿಕೆ. ಬಿರುಕು ಬಿಟ್ಟರೆ ಗೋಡೆಯ ಒಳಂಗೆ ನೀರು ಇಳಿಗು. ಹಾಂಗಾಗಿ ಈಗ ಎಲ್ಲೋರೂ ಅಂಟುಸುವ ಹುಕ್ಕು ತತ್ತವು. ದೋಣಿ ಕಟ್ಟುವವಕ್ಕೂ ಇದೇ ಹೆದರಿಕೆ, ಅದೂ ಇಂದು ನಿನ್ನೇಣದ್ದಲ್ಲ. ಎನಗೆ ದೋಣಿಂದ ಹೆಚ್ಚು ಸೂಜಿಯೇ ಗೊಂತಿಪ್ಪದು. ಆದರೆ ಕಯಾಕ್ ಹೇಳುವ ಸಪುರ ದೋಣಿಯ ಚರಿತ್ರೆ ಓದುವಗ ಅದರ ಬುಡಲ್ಲಿ ಹೆಮ್ಮಕ್ಕಳ ಸೂಜಿಯೇ ಕಂಡತ್ತು. ಹಾಂಗಾಗಿ ಈ ಶುದ್ದಿ.

ಕಯಾಕ್ ಹುಟ್ಟಿದ್ದು ಉತ್ತರ ಧ್ರುವದ ಹತ್ತರೆ, ಗ್ರೀನ್‌ಲ್ಯಾಂಡು, ಕೆನಡಾದ ಬಡಗ ತುದಿ, ಅಲಾಸ್ಕದ ಕರೆಲಿ. ಇನ್ಯೂಟ್, ಯುಪಿಕ್ ಮುಂತಾದ ಜೆನಂಗೊ, ಅವರ ಹಿಂದಾಣವು, ಸಾವಿರಾರು ವರ್ಷಂದ ಅದರ ಕಟ್ಟಿಂಡು ಬಯಿಂದವು. ಗ್ರೀನ್‌ಲ್ಯಾಂಡಿಲಿ ದೊಡ್ಡ ಮರ ಬೆಳೆತ್ತಿಲ್ಲೆ. ಸಮುದ್ರಲ್ಲಿ ತೇಲಿ ಬಂದ ಮರದ ತುಂಡುಗಳ ಹೆರ್ಕಿ, ಗೂಟ ಹಾಕಿ, ಚರ್ಮದ ಬಾರಿಲಿ ಬಿಗುದು ಚೌಕಟ್ಟು ಮಾಡುಗು. ಅದು ಗೆಂಡುಮಕ್ಕಳ ಕೆಲಸ. ಅದಕ್ಕೆ ಸೀಲ್ ಪ್ರಾಣಿಯ ಚರ್ಮ ಹೊಲುದು ಹೊದೆಶುದು ಹೆಮ್ಮಕ್ಕಳ ಕೆಲಸ.

ಸೂಜಿ ಹಾಕಿದಲ್ಲೆಲ್ಲ ಒಟ್ಟೆ ಅಪ್ಪದೇ ಅನ್ನೆ? ಆ ಸಮುದ್ರದ ನೀರೋ, ಬಿದ್ದವ ಹೆಚ್ಚು ಹೊತ್ತು ಬದುಕದ್ದಷ್ಟು ತಣ್ಪು. ಅದಕ್ಕೆ ಆ ಹೆಮ್ಮಕ್ಕೊ ಬೇರೆಯೇ ಒಂದು ಹೊಲಿಗೆ ಕಂಡುಹಿಡುದವು. ಒಂದು ಚರ್ಮದ ಅಂಚಿನ ಮೇಗೆ ಇನ್ನೊಂದರ ಮಡುಗುದು. ಮೇಗಾಣ ಚರ್ಮವ ದಾಂಟಿದ ಸೂಜಿ ಕೆಳಾಣದ್ದರ ಅರ್ಧ ದಪ್ಪಕ್ಕೆ ಹೊಕ್ಕು ಹಿಂದೆ ಬಪ್ಪದು. ಮತ್ತೆ ಆಚ ಹೊಡೆಂದಲೂ ಹಾಂಗೇ ಒಂದು ಸಾಲು. ಎರಡೂ ಚರ್ಮವ ದಾಂಟಿ ಹೋಪ ಒಟ್ಟೆ ಒಂದೂ ಇಲ್ಲೆ! ಸೀರೆಗೆ ಫಾಲ್ಸು ಹಾಕುವಗ ಮೇಗೆ ನೂಲು ಕಾಂಬಲಾಗ ಹೇದು ನಾವು ಒಂದೆರಡು ಎಳೆ ಮಾಂತ್ರ ಹಿಡಿತ್ತಿಲ್ಲೆಯೋ, ಹಾಂಗೆ. ನೂಲಿನ ಬದಲು ಪ್ರಾಣಿಯ ಸ್ನಾಯುವಿನ ನಾರು. ಚೆಂಡಿ ಆದಪ್ಪಗ ಅದು ಉಬ್ಬಿ ಹೊಲಿಗೆಯ ಇನ್ನೂ ಬಿಗಿ ಮಾಡುಗು. ಚರ್ಮ ಒಣಗುವ ಮೊದಲೇ ಮುಗಿಯೆಕ್ಕು ಹೇದು ನಾಲ್ಕಾರು ಜೆನ ಒಟ್ಟಿಂಗೆ ಕೂದು ಹೊಲಿಗು.

ಈಟಿ, ಹಗ್ಗ ಎಲ್ಲ ದೋಣಿಯ ಬೆನ್ನಿನ ಮೇಗೆ ಇರೆಕ್ಕು. ಅದಕ್ಕೆ ಅಡ್ಡಡ್ಡ ಚರ್ಮದ ಬಾರು. ಆ ಬಾರು ಹೊಗುವ ಒಟ್ಟೆ ಮೇಗಾಣ ಅಂಚಿನ ಹತ್ತರೆ ಮಾಂತ್ರ, ನೀರಿಲಿ ಮುಳುಗುವ ಹೊಟ್ಟೆಗೆ ಇಲ್ಲೆ.

1865ರಲ್ಲಿ ಸ್ಕಾಟ್‌ಲ್ಯಾಂಡಿನ ಜಾನ್ ಮ್ಯಾಕ್‌ಗ್ರೆಗರ್ ಇಂಥಾದ್ದೇ ರೂಪದ ದೋಣಿಯ ಓಕ್ ಮರಲ್ಲಿ ಕಟ್ಟುಸಿ, ರಾಬ್ ರಾಯ್ ಹೇದು ಹೆಸರು ಮಡುಗಿ, ಯುರೋಪಿನ ಹೊಳೆಗಳ ಸುತ್ತಿದ. ಚರ್ಮ ಹೋಗಿ ಹಲಗೆ ಬಂತು. ಹೊಲಿಗೆ ಪುನಾ ಬಂದದು 1960ರ ಸುಮಾರಿಂಗೆ. ಇಂಗ್ಲೆಂಡಿನ ಕೆನ್ ಲಿಟ್ಲ್‌ಡೈಕ್ ಪ್ಲೈವುಡ್ಡಿನ ಹಾಳೆಗಳ ಹೊಲುದು, ಸಂದಿಂಗೆ ಗಾಜಿನ ನಾರಿನ ಪಟ್ಟಿಯ ಅಂಟುಸಿದ. ಇದೇ ಕ್ರಮಲ್ಲಿ ಬ್ಯಾರಿ ಬಕ್ನೆಲ್, ಜ್ಯಾಕ್ ಹೋಲ್ಟ್ ಸೇರಿ ಮಾಡಿದ ಮಿರರ್ ಹೇಳುವ ಕೆಂಪು ಹಾಯಿಯ ದೋಣಿ 70,000 ದಾಂಟಿತ್ತು. ಸಾಮಾನ್ಯ ಜೆನಂಗಳೂ ಮನೆಲೇ ದೋಣಿ ಕಟ್ಟುಲೆ ಕಲ್ತವು.

ಹಾಂಗೆ ಕಟ್ಟಿದ ಕಯಾಕಿನ ಒಳ ಕಾಲು ಊರುವ ಪಟ್ಟಿ ಜೋಡುಸೆಕ್ಕನ್ನೆ? ಡ್ರಿಲ್ ಹಿಡುದು ಹೊಡೆಗೆ ಒಟ್ಟೆ ಮಾಡಿ ಬೋಲ್ಟು ಹಾಕುದು ಸುಲಾಬ. ಆದರೆ ಆ ಒಟ್ಟೆಲಿ ನೀರು ಹೊಕ್ಕರೆ ಮರ ಕಪ್ಪಾಗಿ ಮತ್ತೆ ಕುಂಬಾವ್ತು. ಜಾಗ್ರತೆ ಇಪ್ಪವು ಬೋಲ್ಟಿನ ತಲೆಯ ಒಂದು ಮರದ ತುಂಡಿಲಿ ಹುಗುದು, ಆ ತುಂಡಿನ ದೋಣಿಯ ಒಳಮೈಗೆ ಎಪಾಕ್ಸಿಲಿ ಅಂಟುಸುತ್ತವು. ಮೊದಲು ಆ ಜಾಗೆಯ ಸ್ಯಾಂಡ್ ಪೇಪರಿಲಿ ಲಾಯ್ಕಕ್ಕೆ ತಿಕ್ಕುದು. ಎಪಾಕ್ಸಿಗೆ ಮರದ ಹೊಡಿ ಬೆರುಸಿ ಗಟ್ಟಿ ಚಟ್ನಿಯ ಹದಕ್ಕೆ ತಪ್ಪದು. ಮೇಗಂದ ಗಾಜಿನ ನಾರಿನ ತುಂಡು ಅಂಟುಸಿರೆ ಭಾರ ಒಂದೇ ದಿಕ್ಕೆ ಬೀಳದ್ದೆ ಹರಡುತ್ತು. ಬೋಲ್ಟಿನ ಬಾಲ ಒಳಂಗೆ ನೀಡಿಂಡಿರ್ತು, ಪಟ್ಟಿಯ ಅದಕ್ಕೆ ಸಿಕ್ಕುಸಿ ನಟ್ಟು ಬಿಗಿವದು. ಹೆರಾಣ ಮೈಲಿ ಒಂದು ಗೀರೂ ಇಲ್ಲೆ.

ಚರ್ಮ ಹೋಗಿ ಪ್ಲೈವುಡ್ಡು ಬಂದರೂ ಬುದ್ಧಿ ಅದೇ: ನೀರಿನ ತಡವ ಮೈಯ ದಾಂಟಿ ಒಟ್ಟೆ ಹೋಪಲಾಗ. ಮ್ಯಾಕ್‌ಗ್ರೆಗರನ ಹೆಸರು ಪುಸ್ತಕಲ್ಲಿ ಇದ್ದು, ಲಿಟ್ಲ್‌ಡೈಕಿನದ್ದೂ ಇದ್ದು. ಅರ್ಧ ದಪ್ಪಲ್ಲಿ ಸೂಜಿ ನಿಲ್ಲುಸಲೆ ಸುರುವಿಂಗೆ ಕಲ್ತ ಹೆಮ್ಮಕ್ಕಳ ಹೆಸರು ಏವ ಪುಸ್ತಕಲ್ಲಿಯೂ ಇಲ್ಲೆ. ಗೆಂಡುಮಕ್ಕೊ ಆ ತಣ್ಪು ಸಮುದ್ರಂದ ಮನಗೆ ತಿರುಗಿ ಬಂದುಗೊಂಡಿದ್ದದು ಅವರ ಕೈ ಹೊಲಿಗೆಯ ನಂಬಿ, ಅಕ್ಕಂದ್ರೇ.