ಸಾಸವಡದ ಮನೆಗಳಿಗೆ ಡಿಜಿಟಲ್ ಟಿವಿ ಬಂದ ಬಗೆ

ಪುಣೆ ಜಿಲ್ಲೆಯ ಪುರಂದರ ತಾಲೂಕಿನಲ್ಲಿ ಕರ್ಹಾ ನದಿಯ ದಡದಲ್ಲಿರುವ ಸಾಸವಡದ ಟಿವಿ ಚರಿತ್ರೆಯು ಪುಣೆಯ ಚರಿತ್ರೆಗೆ ಹೊಂದಿಕೊಂಡೇ ಸಾಗಿದೆ. 1972ರ ಅಕ್ಟೋಬರ್ 2ರಂದು ಮುಂಬಯಿ ದೂರದರ್ಶನ ಕೇಂದ್ರ ಆರಂಭವಾಗಿ, ಮರುವರ್ಷ ಸಿಂಹಗಡದ ಮರುಪ್ರಸಾರ ಕೇಂದ್ರವು ಅದರ ಕಾರ್ಯಕ್ರಮಗಳನ್ನು ಪುಣೆ ಭಾಗಕ್ಕೆ ತಲುಪಿಸತೊಡಗಿದಾಗ, ಮಾಳಿಗೆಯ ಮೇಲೆ ಅಲ್ಯೂಮಿನಿಯಂ ಕಡ್ಡಿಗಳ ಆಂಟೆನಾವನ್ನು ಗೋಪುರದ ದಿಕ್ಕಿಗೆ ತಿರುಗಿಸಿ ನಿಲ್ಲಿಸುವುದೇ ಚಿತ್ರ ಪಡೆಯುವ ದಾರಿಯಾಗಿತ್ತು. 1990ರ ದಶಕದ ಕೇಬಲ್ ಜಾಲಗಳು ಆಂಟೆನಾದ ಅವಲಂಬನೆಯನ್ನು ತಪ್ಪಿಸಿದವಾದರೂ, ಅವು ಸಾಗಿಸುತ್ತಿದ್ದುದು ಅನಲಾಗ್ ಸಂಕೇತವನ್ನೇ, ಅಂದರೆ ಪ್ರತಿ ವಾಹಿನಿಗೂ ಒಂದಿಡೀ ತರಂಗಪಟ್ಟಿಯನ್ನು ಬೇಡುವ, ದೂರ ಸಾಗಿದಂತೆ ಮಸುಕಾಗುವ ಸಂಕೇತವನ್ನೇ. ಚಿತ್ರವನ್ನು ಅಂಕಿಗಳಾಗಿಸಿ, ಕುಗ್ಗಿಸಿ, ಅದೇ ಪಟ್ಟಿಯಲ್ಲಿ ಹಲವು ವಾಹಿನಿಗಳನ್ನು ಕಳಿಸುವ ಡಿಜಿಟಲ್ ವಿಧಾನವನ್ನು 2011ರ ಕೇಬಲ್ ತಿದ್ದುಪಡಿ ಕಾಯ್ದೆಯು ಕಡ್ಡಾಯಗೊಳಿಸಿತು. ಪುಣೆ ನಗರಕ್ಕೆ 2013ರ ಮಾರ್ಚ್ 31, ಸಾಸವಡದಂತಹ ಪುರಸಭೆಯ ಪಟ್ಟಣಗಳಿಗೆ 2015ರ ಡಿಸೆಂಬರ್ 31, ಹಳ್ಳಿಗಳಿಗೆ ಕೊನೆಗೆ 2017ರ ಮಾರ್ಚ್ 31 ಗಡುವಾಯಿತು. ಸಂಕೇತವನ್ನು ಬಿಡಿಸಿ ಹಳೆಯ ಟಿವಿಗೂ ಒಪ್ಪುವಂತೆ ಮಾಡುವ ಸೆಟ್ ಟಾಪ್ ಬಾಕ್ಸ್ ಹೀಗೆ ಕೇಬಲ್ ಮನೆಗಳ ಅನಿವಾರ್ಯ ಸಾಮಾನಾಯಿತು. ಮಾಸಿಕ ಶುಲ್ಕ ಬೇಡವೆನ್ನುವವರಿಗೆ 2004ರ ಡಿಸೆಂಬರಿನಲ್ಲೇ ಆರಂಭವಾಗಿದ್ದ ದೂರದರ್ಶನದ ಉಪಗ್ರಹ ಸೇವೆ, ಅಂದರೆ ಈಗಿನ ಡಿಡಿ ಫ್ರೀ ಡಿಶ್, ಲಭ್ಯವಿತ್ತು. ಒಟ್ಟಿನಲ್ಲಿ ಉಪಗ್ರಹದ ತಟ್ಟೆಯನ್ನು ಮನೆಗಳು ತಾವಾಗಿ ಆರಿಸಿಕೊಂಡರೆ, ಡಿಜಿಟಲ್ ಕೇಬಲನ್ನು ಮನೆಯೊಳಕ್ಕೆ ತಂದದ್ದು ಕಾಯ್ದೆಯೇ.