ಜಾಗಟೆ ಕೈಗೆ ಬರುವ ಮೊದಲು: ಭಾಗವತರಾಗುವ ದಾರಿಯ ಕಥೆ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆ ಹಾಡನ್ನೇ ಉದ್ಯೋಗ ಮಾಡಿಕೊಂಡವರು ಎಂದರೆ ಮೊದಲು ನೆನಪಾಗುವುದು ಯಕ್ಷಗಾನದ ಭಾಗವತರು. ಕ್ಯಾಸೆಟ್ಟು, ಸ್ಟುಡಿಯೋ ಬರುವ ಮೊದಲೇ ಇಲ್ಲಿ ಹಾಡುಗಾರರಿಗೆ ಮೇಳ ಇತ್ತು, ಯಜಮಾನರಿದ್ದರು, ಸಂಬಳ ಇತ್ತು. ದೀಪಾವಳಿಯ ಬಳಿಕ ಹೊರಟ ಮೇಳ ಪತ್ತನಾಜೆಗೆ ಗೆಜ್ಜೆ ಬಿಚ್ಚುವವರೆಗೆ ಊರೂರು ತಿರುಗುತ್ತಿತ್ತು. ಆದರೆ ಆ ಕೆಲಸಕ್ಕೆ ಸೇರುವುದು ಹೇಗೆ?

ಉತ್ತರ ರಾತ್ರಿಯ ಆಟದ ಒಳಗೇ ಇತ್ತು. ಕೋಡಂಗಿ, ಬಾಲಗೋಪಾಲರು ಕುಣಿಯುವ ಪೂರ್ವರಂಗಕ್ಕೆ ಹಾಡುವವನು ಎಳೆಯ ‘ಸಂಗೀತಗಾರ’. ಮುಖ್ಯ ಭಾಗವತರು ಬರುವುದು ರಾತ್ರಿ ಏರಿದ ಮೇಲೆ. ಆ ಹೊತ್ತಿಗೆ ಹುಡುಗನ ಹಾಡು ಮುಗಿದಿದ್ದರೂ ಪಾಠ ಮುಗಿದಿರುತ್ತಿರಲಿಲ್ಲ. ಯಾವ ವೇಷಕ್ಕೆ ಯಾವ ಲಯ, ಅರ್ಥ ಉದ್ದವಾದರೆ ಎಲ್ಲಿ ಪದ ಎತ್ತಬೇಕು, ಬೆಳಗಾಗುವುದರೊಳಗೆ ಕಥೆ ಹೇಗೆ ಮುಗಿಸಬೇಕು ಎಂಬುದನ್ನು ಅವನು ರಂಗಸ್ಥಳದ ಬಳಿ ಕೂತೇ ಕಲಿಯಬೇಕಿತ್ತು. ಏಕೆಂದರೆ ಭಾಗವತರು ಬರೀ ಗಾಯಕರಲ್ಲ, ಆಟದ ನಿರ್ದೇಶಕರೂ ಅವರೇ.

ಈ ಏಣಿ ಹತ್ತಲು ಮನೆತನ ದೊಡ್ಡ ಬಲ. ಬಲಿಪ ನಾರಾಯಣ ಭಾಗವತರನ್ನೇ ನೋಡಿ. 1938ರಲ್ಲಿ ಹುಟ್ಟಿದ ಅವರಿಗೆ ಗುರು ಅಜ್ಜನೇ. ಅಜ್ಜನ ಹೆಸರೂ ಬಲಿಪ ನಾರಾಯಣ ಭಾಗವತ. ಮೊಮ್ಮಗ ಕಟೀಲು ಮೇಳದಲ್ಲಿ ದಶಕಗಳ ಕಾಲ ಹಾಡಿದರು, ಐದು ದಿನಗಳ ‘ದೇವಿ ಮಹಾತ್ಮೆ’ ಬರೆದರು, ಮೂಡುಬಿದಿರೆ ಬಳಿಯ ಮಾರೂರಿನಲ್ಲಿ ನೆಲೆಸಿದರು. 2023ರ ಫೆಬ್ರವರಿಯಲ್ಲಿ ಅವರು ತೀರಿಕೊಂಡಾಗ ‘ಬಲಿಪ ಶೈಲಿ’ ಎಂಬುದು ತೆಂಕುತಿಟ್ಟಿನಲ್ಲಿ ಮನೆಮಾತಾಗಿತ್ತು.

ಅಂಥ ಅಜ್ಜ ಇಲ್ಲದವರಿಗೆ ಗುರುಮನೆ ಇತ್ತು. ಬಂಟ್ವಾಳ ತಾಲೂಕಿನ ಕರೋಪಾಡಿ ಕಡೆಯ ಮಾಂಬಾಡಿ ಮನೆತನ ಇದಕ್ಕೆ ಹೆಸರುವಾಸಿ. ಮಾಂಬಾಡಿ ನಾರಾಯಣ ಭಾಗವತರ ಬಳಿಕ ಮಗ ಸುಬ್ರಹ್ಮಣ್ಯ ಭಟ್ಟರು ಹಿಮ್ಮೇಳದ ಪಾಠ ಮುಂದುವರಿಸಿದರು. ಇನ್ನೊಂದು ದಾರಿ ಮದ್ದಳೆಯದ್ದು. ಬೆಳ್ತಂಗಡಿಯ ಅರುವದ ದಿನೇಶ ಅಮ್ಮಣ್ಣಾಯರು ಮೊದಲು ಮದ್ದಳೆಗಾರರು. ಕರ್ನಾಟಕ ಮೇಳದಲ್ಲಿ ದಾಮೋದರ ಮಂಡೆಚ್ಚರ ಒಡನಾಟ ಸಿಕ್ಕಿತು, ಮುಂದೆ ಭಾಗವತರಾಗಿಯೇ ಹೆಸರಾದರು. ಕೈಯಲ್ಲಿ ತಾಳ ಕೂತವನಿಗೆ ಹಾಡಿನ ಬಾಗಿಲು ಅರ್ಧ ತೆರೆದಂತೆ.

ಈ ಎಲ್ಲ ದಾರಿಗಳೂ ಗಂಡಸರವು. ಅದನ್ನು ಮುರಿದವರು ಲೀಲಾವತಿ ಬೈಪಾಡಿತ್ತಾಯರು. 1947ರಲ್ಲಿ ಕಾಸರಗೋಡಿನ ಮಧೂರಿನಲ್ಲಿ ಹುಟ್ಟಿದ ಅವರು ಕಲಿತದ್ದು ಶಾಸ್ತ್ರೀಯ ಸಂಗೀತ. ಭಾಗವತಿಕೆ ಹೇಳಿಕೊಟ್ಟವರು ಚೆಂಡೆ–ಮದ್ದಳೆ ವಾದಕರಾದ ಪತಿ ಹರಿನಾರಾಯಣ ಬೈಪಾಡಿತ್ತಾಯರು. ಹೆಣ್ಣುಮಕ್ಕಳು ಹವ್ಯಾಸಕ್ಕೆ ಹಾಡುವುದು ಒಂದು, ಡೇರೆ ಮೇಳದ ಜತೆ ಊರೂರು ತಿರುಗಿ ನಿದ್ದೆಗೆಟ್ಟು ಹಾಡುವುದು ಇನ್ನೊಂದು. ಅರುವ ಮೇಳವೂ ಸೇರಿ ಹಲವು ಮೇಳಗಳಲ್ಲಿ ಅವರು ಸಂಬಳದ ಭಾಗವತರಾಗಿಯೇ ದುಡಿದರು. ಗಂಡನ ಜತೆ ಒಂದೇ ಹಿಮ್ಮೇಳದಲ್ಲಿ ಕೂರುವ ಅನುಕೂಲ ಇಲ್ಲದಿದ್ದರೆ ಇದು ಆಗುತ್ತಿತ್ತೇ ಎಂಬ ಪ್ರಶ್ನೆಯನ್ನೂ ಕೇಳಿಕೊಳ್ಳಬೇಕು. 2023ರಲ್ಲಿ ಅವರಿಗೆ ರಾಜ್ಯೋತ್ಸವ ಪ್ರಶಸ್ತಿ ಬಂತು. ಮರುವರ್ಷ ಡಿಸೆಂಬರಿನಲ್ಲಿ ತೀರಿಕೊಂಡರು.

1970ರ ದಶಕದಲ್ಲಿ ಶುರುವಾದ ಧರ್ಮಸ್ಥಳದ ಯಕ್ಷಗಾನ ತರಬೇತಿ ಕೇಂದ್ರ ಇನ್ನೊಂದು ತಿರುವು. ಮನೆತನದ ಹಂಗಿಲ್ಲದೆ ಬಂದ ಹುಡುಗರಿಗೂ ಪಾಠ ಸಿಗುವಂತಾಯಿತು. ಬೈಪಾಡಿತ್ತಾಯ ದಂಪತಿ ಅಲ್ಲಿಯೂ ಗುರುಗಳಾಗಿದ್ದರು.

ಈಗ ಕಲಿಯುವುದು ಮೊದಲಿನಷ್ಟು ಕಷ್ಟವಲ್ಲ. ತರಗತಿಗಳಿವೆ, ಯೂಟ್ಯೂಬ್ ಇದೆ, ಗಾನವೈಭವಗಳಲ್ಲಿ ಹುಡುಗಿಯರೂ ಹಾಡುತ್ತಾರೆ. ಆದರೆ ಧರ್ಮಸ್ಥಳದಂಥ ಮೇಳಗಳ ಆಟ ಕಾಲಮಿತಿಗೆ ಬಂದಿದೆ. ಆಟ ಚಿಕ್ಕದಾದಾಗ ಮೊದಲು ಕತ್ತರಿ ಬೀಳುವುದು ಪೂರ್ವರಂಗಕ್ಕೆ, ಅಂದರೆ ಹೊಸಬನ ಪಾಲಿನ ಹೊತ್ತಿಗೇ. ನಾಲ್ಕು ಪದ ಚೆಂದ ಹಾಡಿ ಹೆಸರು ಮಾಡುವವರು ಮುಂದೆಯೂ ಬಂದಾರು. ಇಡೀ ಆಟವನ್ನು ಹೊತ್ತು ನಡೆಸುವ ಭಾಗವತರು ಬೇಕೆಂದಾದರೆ, ತಪ್ಪಿ ತಿದ್ದಿಕೊಳ್ಳುವ ಆ ಒಂದೆರಡು ಗಂಟೆಯನ್ನು ಮೇಳಗಳು ಬೇರೆ ಎಲ್ಲಾದರೂ ಒದಗಿಸಲೇಬೇಕು.